ಹಳೇ ಕಾರಿನ ಹೆಡ್‌ಲೈಟ್ ಹಳದಿ ಆಗಿದೆ, ಪಾಲಿಶ್ ಮಾಡೋದಾ ಇಲ್ಲ ಡೂಮೇ ಬದಲಾಯಿಸೋದಾ?

2011ರ ವ್ಯಾಗನ್ ಆರ್, ಎರಡೂ ಹೆಡ್‌ಲೈಟ್ ಮಂಜು ಕವಿದಂಗಾಗಿದೆ, ರಾತ್ರಿ ಮಂಡ್ಯದಿಂದ ಮೈಸೂರಿಗೆ ಬರೋವಾಗ ಏನೂ ಕಾಣಲ್ಲ, ಗ್ಯಾರೇಜಿನವ್ರು ಡೂಮ್ (ಅಂದ್ರೆ ಗಾಜು, ರಿಫ್ಲೆಕ್ಟರ್ ಎಲ್ಲಾ ಸೇರಿದ ಇಡೀ ಹೆಡ್‌ಲೈಟ್) ಜೋಡಿನೇ ಬದಲಾಯ್ಸಿ ಅಂತಾರೆ, ಪಕ್ಕದ್ಮನೆಯವ್ರು ಟೂತ್‌ಪೇಸ್ಟ್ ಹಾಕಿ ಉಜ್ಜಿ ಅಂತಾರೆ, ಎಲ್‌ಇಡಿ ಬಲ್ಬ್ ಹಾಕಿದ್ರೆ ಸಾಕಾಗಲ್ವಾ ಅಂತ ಕೇಳಿದ್ದೀರಲ್ಲ, ಯಾವ್ದಕ್ಕೂ ದುಡ್ಡು ಬಿಚ್ಚೋಕೆ ಮುಂಚೆ ಮಬ್ಬು ಇರೋದು ಎಲ್ಲಿ ಅಂತ ನೋಡ್ಕೊಳಿ ಸಾರ್. ಇದನ್ನ ನೋಡ್ದೇನೇ ಅರ್ಧ ಜನ ದುಡ್ಡು ಕಳ್ಕೊಳೋದು.

ಒಂದು ಚೊಂಬು ನೀರು ತಗೊಂಡು ಹೆಡ್‌ಲೈಟ್ ಮೇಲೆ ಹುಯ್ಯಿರಿ. ನೀರು ಇರೋಷ್ಟು ಹೊತ್ತು ಗಾಜು ತಿಳಿಯಾಗಿ ಒಳಗಿನ ಬಲ್ಬು ಚೆನ್ನಾಗಿ ಕಂಡು, ಒಣಗಿದ ತಕ್ಷಣ ಮತ್ತೆ ಮಬ್ಬಾದ್ರೆ ತೊಂದ್ರೆ ಹೊರಗಡೆ ಪದರದಲ್ಲಿದೆ, ಉಜ್ಜಿದ್ರೆ ಹೋಗುತ್ತೆ. ನೀರು ಹಾಕಿದ್ರೂ ಹಂಗೇ ಮಬ್ಬಾಗಿದ್ರೆ ಒಳಗಡೆ ಏನೋ ಆಗಿದೆ. ಗಾಜು ಅಂತೀವಿ ಅಷ್ಟೇ, ಅದು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕು. ಅಂಬಾಸಿಡರ್, ಹಳೇ ಮಾರುತಿ 800ರಲ್ಲಿ ನಿಜವಾದ ಗಾಜೇ ಇತ್ತು, ಅದಕ್ಕೇ ಅವು ಹಳದಿ ಆಗ್ತಾನೇ ಇರ್ಲಿಲ್ಲ. ಈ ಪ್ಲಾಸ್ಟಿಕ್ ಮೇಲೆ ಫ್ಯಾಕ್ಟರಿಯವ್ರು ಬಿಸಿಲು ತಡಿಯೋ ಒಂದು ತೆಳು ಕೋಟಿಂಗ್ ಕೊಟ್ಟಿರ್ತಾರೆ, ವರ್ಷಗಟ್ಲೆ ಬಿಸಿಲಲ್ಲಿ ಅದು ಸತ್ತೋಗುತ್ತೆ, ಆಮೇಲೆ ಅಲ್ಟ್ರಾವಯಲೆಟ್ ಕಿರಣ ಪ್ಲಾಸ್ಟಿಕ್ಕನ್ನೇ ತಿನ್ನೋಕೆ ಶುರು ಮಾಡುತ್ತೆ. ಗಾಡಿ ದಿನಾ ಒಂದೇ ಕಡೆ ಮುಖ ಮಾಡ್ಕೊಂಡು ನಿಲ್ತಿದ್ರೆ ಬಿಸಿಲು ಬೀಳೋ ಕಡೆ ಲೈಟೇ ಜಾಸ್ತಿ ಹಳದಿ ಆಗಿರುತ್ತೆ, ಗಮನಿಸಿ ನೋಡಿ.

ಟಾರ್ಚ್ ಬಿಟ್ಟು ಒಳಗಡೆ ರಿಫ್ಲೆಕ್ಟರ್ ಕೂಡ ನೋಡಿ. ಬೆಳ್ಳಿ ಬಣ್ಣದ ಹೊಳಪು ಹೋಗಿ ಬೂದಿ ಬಣ್ಣ ಬಂದಿದ್ರೆ, ಬಲ್ಬಿನ ಮೇಲ್ಗಡೆ ಸುಟ್ಟ ಕಲೆ ಇದ್ರೆ, ಇಲ್ಲ ಪ್ಲಾಸ್ಟಿಕ್ ಒಳಗೇ ಕೂದಲೆಳೆ ಥರ ಬಿರುಕು ಬಿಟ್ಟಿದ್ರೆ ಉಜ್ಜಿ ಪ್ರಯೋಜನ ಇಲ್ಲ, ಗ್ಯಾರೇಜಿನವ್ರು ಹೇಳಿದ್ದೇ ಸರಿ, ಬದಲಾಯ್ಸಿ. ಬರೀ ಹಬೆ ಕಟ್ಟಿದ್ರೆ ಬಲ್ಬಿನ ಹಿಂದ್ಗಡೆ ಮುಚ್ಚಿರೋ ರಬ್ಬರ್ ಬೂಟ್ ಹರಿದಿದ್ಯಾ ನೋಡಿ, ಎಷ್ಟೋ ಸಲ ಅಷ್ಟೇ ಇರುತ್ತೆ.

ಹೊರಗಿನ ಮಬ್ಬೇ ಆದ್ರೆ ಭಾನುವಾರ ಬೆಳಿಗ್ಗೆ ಮನೆ ಮುಂದೆನೇ ಮಾಡ್ಕೋಬಹುದು, ನನ್ನ ಹಳೇ ಆಲ್ಟೋಗೆ ನಾನು ಮನೇಲೇ ಮಾಡಿದ್ದು. ಪೇಂಟ್ ಅಂಗಡೀಲಿ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜೋ ಮರಳು ಕಾಗದ) ಕೇಳಿ, 800, 1000, 1500, 2000, ಸಿಕ್ಕಿದ್ರೆ 3000 ಕೂಡ. ನಂಬರ್ ಜಾಸ್ತಿ ಆದಷ್ಟೂ ನಯ, 800ರಿಂದ ಶುರು ಮಾಡಿ ಇದೇ ಕ್ರಮದಲ್ಲಿ ಹೋಗಿ. ಲೈಟಿನ ಸುತ್ತ ಬಾಡಿ ಪೇಂಟ್‌ಗೆ, ಬಂಪರ್‌ಗೆ ಮಾಸ್ಕಿಂಗ್ ಟೇಪ್ ಎರಡು ಸುತ್ತು ಅಂಟಿಸಿ, ಇಲ್ಲಾಂದ್ರೆ ಪೇಂಟ್ ಮೇಲೆ ಗೀರು ಬಿದ್ರೆ ಅದೊಂದು ಬೇರೆ ಕೆಲಸ. ನೀರಿಗೆ ನಾಕು ಹನಿ ಶ್ಯಾಂಪೂ ಹಾಕ್ಕೊಂಡು, ಪೇಪರ್ ಸದಾ ಒದ್ದೆ ಇರೋ ಹಂಗೆ ನೋಡ್ಕೊಂಡು ಉಜ್ಜಿ. ಮೊದಲು ಇಳಿಯೋ ನೀರು ಹಳದಿಯಾಗಿ ಜಿಗುಟಾಗಿ ಬರುತ್ತೆ, ಅದೇ ಸತ್ತ ಕೋಟಿಂಗು. ಅದು ಪೂರ್ತಿ ಹೋಗಿ ಅಕ್ಕಿ ತೊಳೆದ ನೀರಿನ ಥರ ಬೆಳ್ಳಗೆ ಇಳಿಯೋಕೆ ಶುರುವಾಗೋವರೆಗೂ ಮೊದಲನೇ ಪೇಪರ್ ಬಿಡ್ಬೇಡಿ, ಕೈ ನೋವು ಅಂತ ಇಲ್ಲೇ ಅವಸರ ಮಾಡಿದ್ರೆ ಅಂಚಲ್ಲಿ ಹಳೇ ಕೋಟಿಂಗ್ ಉಳ್ಕೊಂಡು ಕೊನೇಲಿ ಮ್ಯಾಪ್ ಥರ ಪ್ಯಾಚ್ ಕಾಣುತ್ತೆ. ಒಂದು ಪೇಪರ್ ಅಡ್ಡ ಉಜ್ಜಿದ್ರೆ ಮುಂದಿನದು ಉದ್ದಕ್ಕೆ, ಆಗ ಹಿಂದಿನ ಗೀರು ಹೋಗಿದ್ಯೋ ಇಲ್ವೋ ಗೊತ್ತಾಗುತ್ತೆ. ಮಧ್ಯದಲ್ಲಿ ಲೈಟು ಮೊದಲಿಗಿಂತ ಮಬ್ಬಾಗಿ ಕಾಣುತ್ತೆ, ಹೆದರ್ಬೇಡಿ, ಕೊನೆಗೆ ರಬ್ಬಿಂಗ್ ಕಾಂಪೌಂಡ್ ಹಾಕಿ ಮೆತ್ತಗಿನ ಬಟ್ಟೇಲಿ ತಿಕ್ಕಿದಾಗ ತಿಳಿಯಾಗುತ್ತೆ. ಡ್ರಿಲ್ ಮಷಿನ್‌ಗೆ ಪ್ಯಾಡ್ ಹಾಕೋದಾದ್ರೆ ಸ್ಪೀಡ್ ಕಮ್ಮಿ ಇರ್ಲಿ, ಒಂದೇ ಕಡೆ ಒತ್ತಿ ಹಿಡಿದ್ರೆ ಬಿಸಿಗೆ ಪ್ಲಾಸ್ಟಿಕ್ ಕೆಡುತ್ತೆ. ಥಿನ್ನರ್, ಪೆಟ್ರೋಲ್ ಮಾತ್ರ ಹತ್ರಾನೂ ತರ್ಬೇಡಿ, ಪಾಲಿಕಾರ್ಬೊನೇಟ್ ಬಿರುಕು ಬಿಡುತ್ತೆ.

ಇಷ್ಟು ಮಾಡಿ ಫೋಟೋ ತೆಗೆದು ಸ್ಟೇಟಸ್ ಹಾಕಿ ಸುಮ್ನಾಗ್ತಾರೆ ನೋಡಿ, ಅಲ್ಲೇ ಎಡವಟ್ಟು. ಕೋಟಿಂಗ್ ತೆಗೆದ್ರಿ ಅಂದ್ರೆ ಈಗ ಪ್ಲಾಸ್ಟಿಕ್ ಬರಿಮೈಲಿದೆ ಅಂತ ಅರ್ಥ, ಹಂಗೇ ಬಿಟ್ರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟ್ ಕಥೆನೂ ಇದೇ, ಅದ್ರಲ್ಲೂ ಸಣ್ಣ ಪುಡಿ ಇರೋದ್ರಿಂದ ಮೇಲ್ಮೇಲೆ ಸ್ವಲ್ಪ ಹೊಳಪು ಬರುತ್ತೆ, ರಕ್ಷಣೆ ಏನೂ ಇರಲ್ಲ. ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ಪೂರ್ತಿ ಒಣಗಿದ ಮೇಲೆ, ಯುವಿ (ಅಲ್ಟ್ರಾವಯಲೆಟ್) ತಡಿಯೋ 2ಕೆ ಕ್ಲಿಯರ್ ಕೋಟನ್ನ, ಅಂದ್ರೆ ಹಾರ್ಡ್‌ನರ್ ಸೇರಿಸಿ ಹೊಡೆಯೋ ಬಣ್ಣ ಇಲ್ಲದ ಪೇಂಟನ್ನ, ನೆರಳಲ್ಲಿ, ಧೂಳು ಗಾಳಿ ಇಲ್ಲದ ಕಡೆ, ತೆಳ್ಳಗೆ ಎರಡು ಮೂರು ಸಲ ಹೊಡೀಬೇಕು. ಅದ್ರ ಹೊಗೆ ಒಳ್ಳೇದಲ್ಲ, ಪೇಂಟರ್‌ಗಳು ಹಾಕೋ ಮಾಸ್ಕ್ ಇಲ್ದೆ ಮಾಡ್ಬೇಡಿ, ಇಲ್ಲಾಂದ್ರೆ ಉಜ್ಜೋ ಕೆಲಸ ಮುಗ್ಸಿ ಇದೊಂದನ್ನ ಮೈಸೂರಿನ ಬನ್ನಿಮಂಟಪದ ಕಡೆ ಯಾವುದಾದ್ರೂ ಪೇಂಟಿಂಗ್ ಶೆಡ್‌ಗೆ ಕೊಡಿ. ಸ್ಪ್ರೇ ಬೇಡ ಅನ್ನೋರು ಪಿಪಿಎಫ್ ಅನ್ನೋ ಪಾರದರ್ಶಕ ರಕ್ಷಣಾ ಫಿಲ್ಮ್ ಅಂಟಿಸ್ತಾರೆ, ಅದೂ ಚೆನ್ನಾಗೇ ಬಾಳಿಕೆ ಬರುತ್ತೆ. ಅಂಗಡೀಲಿ ಪಾಲಿಶ್ ಮಾಡಿಸೋದಾದ್ರೂ ಮೊದಲು ಕೇಳ್ಬೇಕಾದ್ದು ರೇಟ್ ಅಲ್ಲ, ಉಜ್ಜಿದ ಮೇಲೆ ಏನು ಹಾಕ್ತೀರಾ ಅನ್ನೋದು. ವ್ಯಾಕ್ಸ್ ಅಂದ್ರೆ ಅದು ಮಳೆ ಬಂದ್ರೆ ತೊಳ್ಕೊಂಡು ಹೋಗೋ ಲೆಕ್ಕ.

ಎಲ್‌ಇಡಿ ವಿಚಾರ. ನಿಮ್ಮ ಗಾಡಿ ರಿಫ್ಲೆಕ್ಟರ್ ಎಚ್4 ಹ್ಯಾಲೊಜೆನ್ ಬಲ್ಬಿನ ಫಿಲಮೆಂಟ್ ಇರೋ ಜಾಗಕ್ಕೆ ಲೆಕ್ಕ ಹಾಕಿ ಮಾಡಿರೋದು. ಅಗ್ಗದ ಎಲ್‌ಇಡಿಯಲ್ಲಿ ಬೆಳಕು ಬೇರೆ ಜಾಗದಿಂದ ಬರುತ್ತೆ, ಮಬ್ಬು ಗಾಜಿನ ಹಿಂದೆ ಅಂತೂ ಬೆಳಕೆಲ್ಲಾ ಚೆಲ್ಲಾಡಿ ಎದುರು ಬರೋರ ಕಣ್ಣಿಗೆ ಹೊಡೆಯುತ್ತೆ, ನಿಮ್ಗೆ ರಸ್ತೆ ಅಷ್ಟಕ್ಕಷ್ಟೇ. 100/90 ವ್ಯಾಟ್ (ಹೈ ಬೀಮ್/ಲೋ ಬೀಮ್) ಬಲ್ಬು ಹಾಕೋರೂ ಇದ್ದಾರೆ, ಹೋಲ್ಡರ್ ಕರಗುತ್ತೆ, ರಿಫ್ಲೆಕ್ಟರ್ ಸುಡುತ್ತೆ, ಕಾನೂನಿಗೂ ವಿರುದ್ಧ. ಒಳ್ಳೆ ಕಂಪನಿಯ 60/55 ವ್ಯಾಟ್ ಬಲ್ಬು ಜೋಡಿ ಹೊಸದು ಹಾಕಿ, ಹಳೇ ಬಲ್ಬೂ ಕಾಲ ಕಳೆದಂಗೆ ಮಂಕಾಗುತ್ತೆ. ಆಮೇಲೂ ಸಾಲ್ದು ಅನ್ಸಿದ್ರೆ ಎಲೆಕ್ಟ್ರೀಷಿಯನ್ ಹತ್ರ ಬಲ್ಬಿನ ಹೋಲ್ಡರಲ್ಲಿ ವೋಲ್ಟೇಜ್ ನೋಡಿಸಿ, ಹಳೇ ವೈರಿಂಗಲ್ಲಿ ವೋಲ್ಟೇಜ್ ದಾರೀಲೇ ಕಮ್ಮಿ ಆಗಿರುತ್ತೆ, ಬ್ಯಾಟರಿಯಿಂದ ಬಲ್ಬಿಗೆ ನೇರ ಕರೆಂಟ್ ಕೊಡೋ ರಿಲೇ ಹಾಕ್ಸಿದ್ರೆ ಅದೇ ಬಲ್ಬು ಬೇರೆ ಥರ ಉರಿಯುತ್ತೆ. ನಮ್ ಕಡೆ ಕಬ್ಬು ಕಡಿಯೋ ಟೈಮಲ್ಲಿ ಪಾಂಡವಪುರದ ರಸ್ತೇಲಿ ಹಿಂದೆ ಒಂದು ಕೆಂಪು ಸ್ಟಿಕರ್ರೂ ಇಲ್ದೆ ಟ್ರ್ಯಾಕ್ಟರ್ ಟ್ರೇಲರ್ ಹೋಗ್ತಿರುತ್ತೆ, ಹೊಳಪಿಗಿಂತ ಬೆಳಕು ಸರಿಯಾದ ಜಾಗಕ್ಕೆ ಬೀಳೋದು ಮುಖ್ಯ ಅನ್ನೋದು ಅಲ್ಲಿ ಓಡಿಸಿದ್ರೇನೇ ಗೊತ್ತಾಗೋದು.

ಬದಲಾಯ್ಸೋದೇ ಆದ್ರೆ ಜೋಡಿನೇ ಹಾಕ್ಸಿ, ಒಂದು ಹೊಸದು ಒಂದು ಹಳೇದು ಬೇಡ. ಕಂಪನಿ ಪಾರ್ಟ್ ಇಲ್ಲ ಲ್ಯೂಮ್ಯಾಕ್ಸ್ ಥರದ ಹೆಸರಿರೋ ಲೈಟ್ ಕಂಪನೀದು ತಗೊಳಿ, ಹೆಸರಿಲ್ಲದ ಲೋಕಲ್ ಮಾಲಲ್ಲಿ ಕೋಟಿಂಗೇ ಸರಿ ಇರಲ್ಲ. ಆನ್‌ಲೈನಲ್ಲಿ ಹೊರದೇಶದ್ದು ಅಗ್ಗಕ್ಕೆ ಸಿಕ್ತು ಅಂತ ತರ್ಸಿದ್ರೆ ಎಡಗಡೆ ಸ್ಟೀರಿಂಗ್ ಗಾಡೀದು ಬರಬಹುದು, ಅದ್ರ ಲೋ ಬೀಮ್ ಬಲಗಡೆ ಎತ್ತಿರುತ್ತೆ, ನಮ್ಮಲ್ಲಿ ಅದು ಎಡಗಡೆ ರಸ್ತೆ ಅಂಚಿನ ಕಡೆ ಎತ್ತಬೇಕು. ಡೂಮ್ ಬಿಚ್ಚಿ ಹಾಕಿದ ಮೇಲೆ ಸಮತಟ್ಟು ಜಾಗದಲ್ಲಿ ಗೋಡೆ ಎದುರು ನಿಲ್ಸಿ, ಲೋ ಬೀಮಿನ ಮೇಲಂಚು ಹೆಡ್‌ಲೈಟ್ ಎತ್ತರಕ್ಕಿಂತ ಸ್ವಲ್ಪ ಕೆಳಗೆ ಬರೋ ಹಂಗೆ ಹಿಂದಿನ ಸ್ಕ್ರೂ ತಿರುಗಿಸಿ ಸೆಟ್ ಮಾಡ್ಸಿ. 15 ವರ್ಷ ತುಂಬಿದಾಗ ಆರ್‌ಸಿ ರಿನ್ಯೂವಲ್‌ಗೆ ಗಾಡಿ ತಪಾಸಣೆ ಮಾಡಿಸಲೇಬೇಕು, ಅಲ್ಲಿ ಹೆಡ್‌ಲೈಟೂ ನೋಡ್ತಾರೆ, ಆದ್ದರಿಂದ ಆ ಡೇಟಿಗೆ ಮುಂಚೆನೇ ಮುಗಿಸ್ಕೊಂಡ್ರೆ ಎರಡು ಸಲ ಓಡಾಡೋದು ತಪ್ಪುತ್ತೆ.