‘ಬಟನ್ ಒತ್ತಿದ್ದು ನಾನು ತಾನೇ?’

ಇವರನ್ನು ‘ಕ’ ಎಂದು ಕರೆಯೋಣ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ದೊಡ್ಡ ಟೆಕ್ ಕಂಪನಿಯೊಂದರಲ್ಲಿ ಕೆಲಸ. ಈ ಪೋಸ್ಟ್ ತೆಗೆಯಿರಿ, ಆ ಖಾತೆ ಮುಚ್ಚಿ ಎಂದು ಸರ್ಕಾರಗಳಿಂದ ಬರುವ ಆದೇಶಗಳನ್ನು ಜಾರಿ ಮಾಡುವ ತಂಡದಲ್ಲಿದ್ದಾರೆ. ನಿದ್ದೆ ಬರ್ತಿಲ್ಲ ಅಂತ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದರು.

ವಿಷಯ ನಿಧಾನಕ್ಕೆ ಹೊರಬಿತ್ತು. ಬೇರೊಂದು ದೇಶದ ಸರ್ಕಾರ ಮುಚ್ಚಲು ಹೇಳಿದ್ದ, ಒಬ್ಬ ವ್ಯಂಗ್ಯಚಿತ್ರಕಾರರ ಖಾತೆ. ಆದೇಶದಲ್ಲಿ ಕಾರಣ ಬರೆಯುವ ಜಾಗದಲ್ಲಿ ‘ಸಾರ್ವಜನಿಕ ಶಾಂತಿ’ ಅಂತಷ್ಟೇ ಇತ್ತು. ಇವರು ಮೇಲಿನವರನ್ನು ಕೇಳಿದರು. ‘ಅಲ್ಲಿ ನಮ್ಮ ಆಫೀಸಿದೆ, ನಮ್ಮ ಜನ ಇದ್ದಾರೆ, ಸುಮ್ನೆ ಮುಗಿಸಿ’ ಎಂಬ ಉತ್ತರ ಬಂತು. ಮುಗಿಸಿದರು. ಆಮೇಲೆ ದಿನಾ ರಾತ್ರಿ ವಿಪಿಎನ್ (ಬೇರೆ ದೇಶದಿಂದ ಇಂಟರ್ನೆಟ್ ನೋಡುತ್ತಿರುವಂತೆ ಮಾಡುವ ಸಾಧನ) ಹಾಕಿಕೊಂಡು, ಆ ದೇಶದವರಿಗೆ ಕಾಣುವಂತೆ ಆ ಪುಟ ತೆರೆದು, ಖಾಲಿ ಇದೆಯಾ ಅಂತ ನೋಡುವುದು. ಯಾಕೆ ಅಂತ ಕೇಳಿದೆ. ‘ನೋಡದಿದ್ರೆ ತಪ್ಪಿಸಿಕೊಂಡಂಗೆ ಅನ್ಸುತ್ತೆ’ ಎಂದರು.

2021ರ ಸೆಪ್ಟೆಂಬರ್‌ನಲ್ಲಿ, ರಷ್ಯಾದ ಚುನಾವಣೆ ಹೊತ್ತಲ್ಲೇ, ಅಲ್ಲಿನ ವಿರೋಧಿ ನಾಯಕ ನವಾಲ್ನಿ ಬಳಗದ ಆ್ಯಪನ್ನು ಆಪಲ್, ಗೂಗಲ್ ಎರಡೂ ತೆಗೆದಿದ್ದವು. ಅಲ್ಲಿನ ಸಿಬ್ಬಂದಿ ಮೇಲೆ ಕೇಸು ಹಾಕುವ ಬೆದರಿಕೆ ಇತ್ತೆಂದು ವರದಿಯಾಗಿತ್ತು. ಅದನ್ನು ‘ಕ’ ಮತ್ತೆ ಮತ್ತೆ ಎತ್ತುತ್ತಿದ್ದರು: ‘ಅಂಥವರೇ ಬಗ್ಗಿದ ಮೇಲೆ ನಾನ್ಯಾವ ಲೆಕ್ಕ? ಆದ್ರೂ ಬಟನ್ ಒತ್ತಿದ್ದು ನಾನು ತಾನೇ?’

ಒಂದು ಹಾಳೆ ಕೊಟ್ಟು, ಹೊಣೆ ಯಾರ್ಯಾರದು, ನೂರಕ್ಕೆ ಎಷ್ಟೆಷ್ಟು ಬರೆಯಿರಿ ಎಂದೆ. ಮೊದಲು ತಮ್ಮ ಹೆಸರು, ಪಕ್ಕದಲ್ಲಿ 70. ಆದೇಶ ಕೊಟ್ಟ ಸರ್ಕಾರ, ಆ ಮಾರುಕಟ್ಟೆ ಬಿಡಲೊಲ್ಲದ ಆಡಳಿತ ಮಂಡಳಿ, ಕಾನೂನು ವಿಭಾಗ, ಇವರನ್ನೆಲ್ಲ ಮೊದಲು ಬರೆದು ತಮ್ಮನ್ನು ಕೊನೆಗೆ ಬರೆಯಿರಿ ಎಂದಾಗ 10ಕ್ಕೆ ಇಳಿಯಿತು. ಸೊನ್ನೆ ಮಾಡೋಕೆ ನಾನು ಹೇಳಲಿಲ್ಲ. ಅದನ್ನು ಅವರೂ ನಂಬುತ್ತಿರಲಿಲ್ಲ.

ಆ ಹತ್ತರಲ್ಲಿ ಏನು ಮಾಡಬಹುದು ಅನ್ನುವುದರ ಮೇಲೇ ಜಾಸ್ತಿ ಮಾತಾಡಿದೆವು. ಆದೇಶಕ್ಕೆ ಕಾನೂನಿನ ಯಾವ ಕಲಂ ಆಧಾರ ಅಂತ ಬರಹದಲ್ಲಿ ಕೇಳುವುದು. ಇಡೀ ಖಾತೆಯ ಬದಲು ಒಂದೇ ಪೋಸ್ಟು, ಎಲ್ಲ ದೇಶದ ಬದಲು ಒಂದೇ ದೇಶ ಸಾಕಲ್ವಾ ಎಂದು ವಾದಿಸುವುದು. ಖಾತೆದಾರರಿಗೆ ನೋಟಿಸ್ ಹೋಗುವಂತೆ, ಇಂಥ ಆದೇಶಗಳ ಬಗ್ಗೆ ಕಂಪನಿ ಪ್ರಕಟಿಸುವ ಪಾರದರ್ಶಕತಾ ವರದಿಯ ಲೆಕ್ಕಕ್ಕೆ ಅದು ಸೇರುವಂತೆ ನೋಡಿಕೊಳ್ಳುವುದು. ದಾಖಲೆ ಹೊರಗೆ ಕೊಡುವ ಯೋಚನೆಯೂ ಅವರಿಗಿತ್ತು. ಮೊದಲು ವಕೀಲರನ್ನು ಕಾಣಿ, ನಿದ್ದೆಗೆಟ್ಟ ತಲೆಯಲ್ಲಿ ರಾಜೀನಾಮೆಯನ್ನೂ ಬರೆಯಬೇಡಿ ಎಂದೆ. ರಾತ್ರಿ ಪುಟ ನೋಡುವುದನ್ನು ಒಂದೇ ಸಲಕ್ಕೆ ಬಿಡಿಸದೆ, ವಾರಕ್ಕೊಮ್ಮೆ ಹಗಲಿಗೆ ಬದಲಿಸಿದೆವು.

ಒಬ್ಬರೇ ದನಿಯೆತ್ತಬೇಡಿ ಅಂತಲೂ ಹೇಳಿದೆ. 2018ರಲ್ಲಿ ಚೀನಾಕ್ಕಾಗಿ ಸೆನ್ಸಾರ್ ಆದ ಸರ್ಚ್ ತಯಾರಿಸುವ ಗೂಗಲ್ ಯೋಜನೆಯನ್ನು ಅಲ್ಲಿನ ನೌಕರರೇ ಪತ್ರ ಬರೆದು ಪ್ರಶ್ನಿಸಿದ್ದರು. ಅದನ್ನು ಕೈಬಿಟ್ಟಿದ್ದೇವೆಂದು 2019ರಲ್ಲಿ ಕಂಪನಿ ಹೇಳಿತು. ಪತ್ರವೊಂದರಿಂದಲೇ ಆಯಿತು ಅನ್ನಲಾಗದು. ಆದರೂ ಸಹಿ ಹಾಕಿದವರು ಒಬ್ಬೊಬ್ಬರೇ ಕೂತು ಕೊರಗಲಿಲ್ಲ.

‘ಕ’ ಈಗಲೂ ಅದೇ ತಂಡದಲ್ಲಿದ್ದಾರೆ. ಕಾರಣವಿಲ್ಲದ ಆದೇಶವೊಂದನ್ನು ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ ವಾಪಸ್ ಕಳಿಸಿದರಂತೆ. ಮ್ಯಾನೇಜರ್ ಮುಖ ಗಂಟು ಹಾಕಿಕೊಂಡಿದ್ದಾರೆ. ‘ಕ’ ಬೇರೆ ವಿಭಾಗಕ್ಕೂ ಅರ್ಜಿ ಹಾಕಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.