ಮೊದಲ ರೋಡ್ ಬೈಕ್: 52 ಕೊಳ್ಳುವುದೋ, 54 ಕೊಳ್ಳುವುದೋ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ. ನಿಮ್ಮ ಎತ್ತರ 5 ಅಡಿ 6 ಅಂಗುಲ, ಕಾಲಿನ ಒಳ ಅಳತೆ 77 ಸೆಂ.ಮೀ. ಕೆಲವು ವರ್ಷ ಹೈಬ್ರಿಡ್ ಸೈಕಲ್ ಓಡಿಸಿದ್ದೀರಿ; ಈಗ ವಾರಾಂತ್ಯದಲ್ಲಿ ಬೆಂಗಳೂರಿನಿಂದ ನಂದಿ ಬೆಟ್ಟಕ್ಕೆ ಹೋಗಿಬರಬೇಕು, ಮುಂದೆ 200 ಕಿ.ಮೀ. ಬ್ರೆವೆಯೊಂದನ್ನು (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಮುಗಿಸಬೇಕು ಎಂಬ ಆಸೆಯಿದೆ. ಒಂದು ಅಂಗಡಿಯಲ್ಲಿ ಹಿಂದಿನ ವರ್ಷದ ರೇಸ್ ಮಾದರಿಯ 54 ಸೈಜಿನ ಕಾರ್ಬನ್ ಸೈಕಲ್ ಒಳ್ಳೆಯ ರಿಯಾಯಿತಿಯಲ್ಲಿದೆ, ಇನ್ನೊಂದರಲ್ಲಿ ಎಂಡ್ಯೂರೆನ್ಸ್ (ದೂರದ ಸವಾರಿಗೆ ಆರಾಮವಾಗಿರುವ) ಮಾದರಿಯ 52 ಸೈಜಿನ ಅಲ್ಯೂಮಿನಿಯಂ ಸೈಕಲ್ ಇದೆ. ಮೊದಲನೆಯ ಅಂಗಡಿಯವರು "ಸ್ಟೆಮ್ ಬದಲಿಸಿಕೊಟ್ಟರೆ 54 ನಿಮಗೆ ಸರಿಹೋಗುತ್ತದೆ" ಎನ್ನುತ್ತಿದ್ದಾರೆ. (ಸ್ಟೆಮ್ ಎಂದರೆ ಹ್ಯಾಂಡಲನ್ನು ಸೈಕಲಿನ ಮುಂಭಾಗದ ಕೊಳವೆಗೆ ಜೋಡಿಸುವ, ಮುಂದಕ್ಕೆ ಚಾಚಿದ ತುಂಡು.) ಯಾವುದನ್ನು ಕೊಳ್ಳಲಿ, ದುಡ್ಡು ಕೊಟ್ಟು ಫಿಟ್ಟಿಂಗ್ (ಸೈಕಲನ್ನು ಮೈಯಳತೆಗೆ ಹೊಂದಿಸುವ ಕೆಲಸ) ಮಾಡಿಸಿಕೊಳ್ಳಲೇಬೇಕೇ ಎಂಬುದು ನಿಮ್ಮ ಸಂದೇಹ. ನೀವು ಬರೆದಿರುವ ಅಳತೆಗಳನ್ನು ನೋಡಿದರೆ 52ರದ್ದನ್ನೇ ಕೊಳ್ಳಿ ಎನ್ನುತ್ತೇನೆ. ಆದರೆ ಅದಕ್ಕೆ ಕಾರಣ ಎತ್ತರದ ಪಟ್ಟಿಯಲ್ಲಿ ನಿಮ್ಮ ಎದುರಿಗೆ 52 ಎಂದು ಬರೆದಿರುವುದಲ್ಲ.

52, 54 ಎಂಬ ಸಂಖ್ಯೆಗಳಿಗೆ ಒಂದು ಕಾಲದಲ್ಲಿ ನೇರವಾದ ಅರ್ಥವಿತ್ತು. ಫ್ರೇಮಿನ ಮೇಲಿನ ಕೊಳವೆ ನೆಲಕ್ಕೆ ಸಮಾನಾಂತರವಾಗಿರುತ್ತಿದ್ದ ದಿನಗಳಲ್ಲಿ ಸೀಟಿನ ಕೊಳವೆಯ ಉದ್ದವನ್ನು ಸೆಂಟಿಮೀಟರ್‌ಗಳಲ್ಲಿ ಹೇಳಿದರೆ ಫ್ರೇಮಿನ ಗಾತ್ರ ಹೆಚ್ಚುಕಡಿಮೆ ತಿಳಿದುಬಿಡುತ್ತಿತ್ತು. 1990ರ ದಶಕದ ಕೊನೆಯಲ್ಲಿ ಮೈಕ್ ಬರೋಸ್ ಅವರ ವಿನ್ಯಾಸವನ್ನು ಹಿಡಿದು ಜೈಂಟ್ ಕಂಪನಿ ಮೇಲಿನ ಕೊಳವೆ ಹಿಂದಕ್ಕೆ ಇಳಿಜಾರಾಗಿರುವ ಫ್ರೇಮುಗಳನ್ನು ಮಾರುಕಟ್ಟೆಗೆ ತಂದಿತು, ಕ್ರಮೇಣ ಉಳಿದವರೂ ಅದೇ ದಾರಿ ಹಿಡಿದರು. ಆಮೇಲೆ ಆ ಸಂಖ್ಯೆ ಬರೀ ಹೆಸರಾಗಿ ಉಳಿಯಿತು. ಒಬ್ಬರ 54 ಇನ್ನೊಬ್ಬರ 52ಕ್ಕೆ ಹತ್ತಿರವಾಗಿರಬಹುದು. ಈಗ ನೋಡಬೇಕಾದವು ಎರಡು ಅಳತೆಗಳು. ಪೆಡಲಿನ ಕ್ರ್ಯಾಂಕ್ ತಿರುಗುವ ಅಚ್ಚಿನ ನಡುಬಿಂದುವಿನಿಂದ ಹ್ಯಾಂಡಲ್ ಕೂರುವ ಕೊಳವೆಯ ತುದಿ ಎಷ್ಟು ಎತ್ತರದಲ್ಲಿದೆ ಎಂಬುದು ಸ್ಟ್ಯಾಕ್, ಎಷ್ಟು ಮುಂದಿದೆ ಎಂಬುದು ರೀಚ್. ನೀವು ಈ ಅಳತೆಗಳನ್ನೂ ಸ್ಟೆಮ್ಮಿನ ಉದ್ದವನ್ನೂ ಕೊಟ್ಟಿರುವುದರಿಂದ ಉತ್ತರಿಸುವುದು ಸುಲಭವಾಗಿದೆ.

ನೀವು ಬರೆದಂತೆ 54ರ ರೇಸ್ ಫ್ರೇಮಿನ ಸ್ಟ್ಯಾಕ್ 540 ಮಿ.ಮೀ., ರೀಚ್ 385. 52ರ ಎಂಡ್ಯೂರೆನ್ಸ್ ಫ್ರೇಮಿನ ಸ್ಟ್ಯಾಕ್ 555, ರೀಚ್ 370. ದೊಡ್ಡ ಸೈಜು ಎನಿಸಿಕೊಂಡ ಫ್ರೇಮಿನ ಹ್ಯಾಂಡಲ್ಲೇ ತಗ್ಗಿನಲ್ಲಿದೆ, ದೂರದಲ್ಲೂ ಇದೆ ಎಂಬುದನ್ನು ಗಮನಿಸಿ. ಮುಂಭಾಗದ ಕೊಳವೆ ಹಿಂದಕ್ಕೆ ವಾಲಿರುವುದರಿಂದ, ಸ್ಟೆಮ್ಮಿನ ಕೆಳಗೆ ಸ್ಪೇಸರ್ (ಎತ್ತರಿಸುವ ಉಂಗುರ) ಹಾಕಿ ಹ್ಯಾಂಡಲನ್ನು 10 ಮಿ.ಮೀ. ಎತ್ತರಿಸಿದರೆ ಅದು ಸುಮಾರು 3 ಮಿ.ಮೀ. ಸವಾರನ ಕಡೆಗೂ ಸರಿಯುತ್ತದೆ. ಹಾಗಾಗಿ 54ರ ಹ್ಯಾಂಡಲನ್ನು 15 ಮಿ.ಮೀ. ಎತ್ತರಿಸಿ ಎರಡನ್ನೂ ಒಂದೇ ಎತ್ತರಕ್ಕೆ ತಂದಾಗ 54ರ ರೀಚ್ 380ರ ಆಸುಪಾಸಿಗೆ ಬರುತ್ತದೆ. ಉಳಿಯುವ ನಿಜವಾದ ವ್ಯತ್ಯಾಸ 10 ಮಿ.ಮೀ. ಮಾತ್ರ. ಅಂಗಡಿಯವರು ಸುಳ್ಳು ಹೇಳುತ್ತಿಲ್ಲ, ಇಷ್ಟನ್ನು ಸ್ಟೆಮ್ ಸರಿದೂಗಿಸಬಲ್ಲದು. ಆದರೆ 54ಕ್ಕೆ ಕಂಪನಿಯೇ ಹಾಕಿರುವ ಸ್ಟೆಮ್ 110 ಮಿ.ಮೀ., 52ಕ್ಕೆ ಹಾಕಿರುವುದು 90. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ನಿಮ್ಮ ಕೈ 54ರಲ್ಲಿ ಮೂರು ಸೆಂಟಿಮೀಟರ್ ಹೆಚ್ಚು ಮುಂದಕ್ಕೆ ಚಾಚಬೇಕು. ಅದನ್ನು ಸರಿಪಡಿಸಲು 80ರ ಸ್ಟೆಮ್ ಜೊತೆಗೆ ಒಂದೂವರೆ ಸೆಂಟಿಮೀಟರ್ ಸ್ಪೇಸರ್ ಬೇಕು.

80ರ ಸ್ಟೆಮ್ ಹಾಕಿದರೂ ಸೈಕಲ್ ಚೆನ್ನಾಗಿಯೇ ಓಡುತ್ತದೆ. ತೊಂದರೆ ಇರುವುದು ಬೇರೆಡೆ. ಕೊಂಡ ಮೊದಲ ದಿನವೇ ಆ ಫ್ರೇಮಿನ ಹೊಂದಾಣಿಕೆಯ ಅವಕಾಶವನ್ನೆಲ್ಲ ಒಂದೇ ಕಡೆಗೆ ಖರ್ಚುಮಾಡಿದಂತಾಗುತ್ತದೆ. ಆರು ತಿಂಗಳ ಮೇಲೆ ಕುತ್ತಿಗೆ ನೋವು ಬಂದು ಇನ್ನೊಂದು ಸೆಂಟಿಮೀಟರ್ ಹತ್ತಿರಕ್ಕೆ ತರಬೇಕೆಂದರೆ 70ರ ಸ್ಟೆಮ್‌ಗೆ ಇಳಿಯಬೇಕು. ಅಷ್ಟು ಗಿಡ್ಡದ್ದರಲ್ಲಿ ಹ್ಯಾಂಡಲ್ ಸಣ್ಣ ಅಲುಗಾಟಕ್ಕೂ ತಿರುಗುವಷ್ಟು ಚುರುಕಾಗುತ್ತದೆ. ಮೇಲಕ್ಕೆತ್ತಬೇಕೆಂದರೆ, ಕಾರ್ಬನ್ ಫೋರ್ಕಿನ (ಮುಂದಿನ ಚಕ್ರವನ್ನು ಹಿಡಿದಿರುವ ಕವಲಿನ) ಕೊಳವೆಯ ಮೇಲೆ ಎಷ್ಟು ಎತ್ತರದವರೆಗೆ ಸ್ಪೇಸರ್ ಹಾಕಬಹುದೆಂಬುದಕ್ಕೆ ತಯಾರಕರೇ ಮಿತಿ ಹಾಕಿರುತ್ತಾರೆ. ಅದೂ ಅಲ್ಲದೆ ಈಚಿನ ರೇಸ್ ಮಾದರಿಗಳು ಹಲವಲ್ಲಿ ಬ್ರೇಕಿನ ಪೈಪುಗಳು ಹ್ಯಾಂಡಲ್ ಮತ್ತು ಸ್ಟೆಮ್ಮಿನ ಒಳಗಿಂದ ಹಾದು ಫ್ರೇಮಿನೊಳಕ್ಕೆ ಇಳಿಯುತ್ತವೆ. ಅಂಥದ್ದರಲ್ಲಿ ಸ್ಟೆಮ್ ಬದಲಿಸುವುದೆಂದರೆ ಕೆಲವೊಮ್ಮೆ ಹೈಡ್ರಾಲಿಕ್ ಪೈಪನ್ನು ಬಿಚ್ಚಿ, ಮತ್ತೆ ಎಣ್ಣೆ ತುಂಬಿ, ಗಾಳಿ ತೆಗೆಯುವ ಕೆಲಸ. ಎರಡು ಸಲ ಸ್ಟೆಮ್ ಬದಲಿಸುವಷ್ಟರಲ್ಲಿ ರಿಯಾಯಿತಿಯ ಒಂದು ಪಾಲು ಕೂಲಿಗೇ ಹೋಗಿರುತ್ತದೆ. 52ರಲ್ಲಾದರೆ ನೀವು ಹೊಂದಾಣಿಕೆಯ ನಡುಮಧ್ಯದಲ್ಲಿರುತ್ತೀರಿ: ಮೈ ಪಳಗಿದ ಮೇಲೆ 100ರ ಸ್ಟೆಮ್ ಹಾಕಿ, ಸ್ಪೇಸರ್ ತೆಗೆದು ಕೆಳಕ್ಕೆ ಹೋಗಬಹುದು, ಬೇಡವೆಂದರೆ 80ಕ್ಕೂ ಬರಬಹುದು.

ಸೈಜಿನ ಜೊತೆಗೆ ತಳಕು ಹಾಕಿಕೊಂಡು ಬರುವ ಇನ್ನೆರಡು ವಸ್ತುಗಳಿವೆ, ಅವನ್ನು ಅಂಗಡಿಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. 54ರ ಸೈಕಲ್‌ಗೆ ಸಾಮಾನ್ಯವಾಗಿ 42 ಸೆಂ.ಮೀ. ಅಗಲದ ಹ್ಯಾಂಡಲ್ಲನ್ನೂ 172.5 ಮಿ.ಮೀ. ಕ್ರ್ಯಾಂಕನ್ನೂ ಹಾಕಿರುತ್ತಾರೆ. ನಿಮ್ಮ ಕಾಲಿನ ಅಳತೆಗೆ 170 ಸಾಕು, 165 ಆದರೂ ಆಗಬಹುದು. ಉದ್ದನೆಯ ಕ್ರ್ಯಾಂಕಿನಲ್ಲಿ ಪೆಡಲ್ ಮೇಲಕ್ಕೆ ಬಂದಾಗ ಮಂಡಿ ಹೆಚ್ಚು ಮಡಚಿಕೊಳ್ಳುತ್ತದೆ, ಬಗ್ಗಿ ಕೂತಾಗ ತೊಡೆ ಹೊಟ್ಟೆಗೆ ಒತ್ತುತ್ತದೆ. ಎರಡು ಭುಜಗಳ ಮೂಳೆಯ ತುದಿಗಳ ನಡುವಿನ ಅಂತರ ಅಳೆಸಿ ನೋಡಿ. ಅದು 38ರಿಂದ 40 ಸೆಂ.ಮೀ. ಇದ್ದರೆ 42ರ ಹ್ಯಾಂಡಲ್ ಅನಗತ್ಯ ಅಗಲ.

ಇನ್ನು ರೇಸ್ ಮಾದರಿಯ ಮೋಹದ ಬಗ್ಗೆ ಒಂದು ಮಾತು. ನಾನು ವಿಜಯಪುರದ ಕಡೆಯವನು. ಅಲ್ಲಿ ಮತ್ತು ಬಾಗಲಕೋಟೆಯ ಸುತ್ತಮುತ್ತ ಸೈಕಲ್ ರೇಸಿನ ಹುಚ್ಚು ತಲೆಮಾರುಗಳಿಂದ ಇದೆ. ಹದಿನೇಳರ ಹುಡುಗರು ಬೆನ್ನನ್ನು ಹಲಗೆಯಂತೆ ಮಲಗಿಸಿಕೊಂಡು ಗಂಟೆಗಟ್ಟಲೆ ತುಳಿಯುವುದನ್ನು ನೋಡುತ್ತಲೇ ಬೆಳೆದವನು ನಾನು. ಆ ಭಂಗಿ ಅವರಿಗೆ ದಿನವೂ ಮಾಡುವ ಅಭ್ಯಾಸದಿಂದ ಒಲಿದದ್ದು, ಸೈಕಲ್ ಕೊಟ್ಟದ್ದಲ್ಲ. ದಿನವಿಡೀ ಕಂಪ್ಯೂಟರಿನ ಮುಂದೆ ಕೂತು, ತೊಡೆಯ ಹಿಂಭಾಗದ ಸ್ನಾಯು ಬಿಗಿದುಕೊಂಡಿರುವ ನಮ್ಮಂಥವರು ಅದೇ ಭಂಗಿಯನ್ನು ದುಡ್ಡು ಕೊಟ್ಟು ಕೊಂಡುಕೊಳ್ಳಲು ಆಗುವುದಿಲ್ಲ. 200 ಕಿ.ಮೀ. ಬ್ರೆವೆಗೆ ಕೊಡುವ ಕಾಲಾವಕಾಶ 13 ಗಂಟೆ 30 ನಿಮಿಷ. ಅದರಲ್ಲಿ ಬಹುಪಾಲು ಸೀಟಿನ ಮೇಲೆಯೇ ಕಳೆಯಬೇಕಾದವರಿಗೆ ಫ್ರೇಮಿನ ತೂಕದಲ್ಲಿ ಉಳಿಯುವ ಅರ್ಧ ಕಿಲೋಗಿಂತ ಕುತ್ತಿಗೆ, ಸೊಂಟ, ಅಂಗೈ ಮುಖ್ಯ.

ಫಿಟ್ಟಿಂಗ್ ವಿಷಯಕ್ಕೆ ಬರುತ್ತೇನೆ. ಮನೆಯಲ್ಲೇ ಮಾಡಬಹುದಾದ ಮೊದಲ ಕೆಲಸ ಸೀಟಿನ ಎತ್ತರ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ತೊಡೆಸಂದಿಗೆ ಸೀಟಿನಂತೆ ಬಿಗಿಯಾಗಿ ಮೇಲಕ್ಕೊತ್ತಿ, ಅದರ ಮೇಲಂಚಿನಿಂದ ನೆಲದವರೆಗಿನ ಅಳತೆ ತೆಗೆಯಬೇಕು. ನೀವು ಹೇಳುವ 77 ಪ್ಯಾಂಟಿನ ಅಳತೆಯಾಗಿದ್ದರೆ ಲೆಕ್ಕಕ್ಕೆ ಬರುವುದಿಲ್ಲ. ದರ್ಜಿಯ ಅಳತೆ ಇದಕ್ಕಿಂತ ಕಡಿಮೆಯೇ ಇರುತ್ತದೆ. ಈ ಅಳತೆಯನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕ್ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗದವರೆಗಿನ ದೂರ ಸಿಗುತ್ತದೆ, ನಿಮಗದು 68 ಸೆಂ.ಮೀ. 1986, 1989 ಮತ್ತು 1990ರ ಟೂರ್ ಡಿ ಫ್ರಾನ್ಸ್ ಗೆದ್ದ ಗ್ರೆಗ್ ಲೆಮಾಂಡ್ ಅವರ ಹೆಸರಿನಲ್ಲಿ ಈ ಸೂತ್ರ ಪ್ರಚಾರಕ್ಕೆ ಬಂದಿತು. ಆ ಕಾಲದ ಶೂ ಮತ್ತು ಪೆಡಲುಗಳು ಈಗಿನವಕ್ಕಿಂತ ದಪ್ಪಗಿದ್ದುದರಿಂದ ಕೆಲವು ಮಿಲಿಮೀಟರ್ ಕಡಿಮೆಯಿಂದ ಶುರುಮಾಡುವುದು ಒಳ್ಳೆಯದು. ಸೂತ್ರಕ್ಕೆ ನಿಮ್ಮ ಹಿಮ್ಮಡಿ ಎಷ್ಟು ಇಳಿಯುತ್ತದೆ, ಸ್ನಾಯು ಎಷ್ಟು ಹಿಗ್ಗುತ್ತದೆ ಎಂಬುದೇನೂ ಗೊತ್ತಿಲ್ಲ. ಮೊದಲ ಕೆಲವು ಸವಾರಿಗಳಿಗೆ ಅದು ಸಾಕು, ಕೊನೆಯ ತೀರ್ಮಾನಕ್ಕೆ ಸಾಲದು.

ದುಡ್ಡು ಕೊಟ್ಟು ಮಾಡಿಸುವ ಫಿಟ್ಟಿಂಗ್ ನಿಮಗೆ ಬೇಕು ಎಂದೇ ನನ್ನ ಅಭಿಪ್ರಾಯ, ಆದರೆ ಕೊಂಡ ದಿನವೇ ಬೇಡ. ಹೈಬ್ರಿಡ್‌ನಲ್ಲಿ ನೆಟ್ಟಗೆ ಕೂತು ಅಭ್ಯಾಸವಾದ ಮೈ ಬಾಗಿದ ಹ್ಯಾಂಡಲ್ಲಿಗೆ ಒಗ್ಗಲು ಒಂದೆರಡು ತಿಂಗಳು ಹಿಡಿಯುತ್ತದೆ. ಮೊದಲ ವಾರದ ಬಿಗಿತವನ್ನೇ ನೋಡಿ ಎಲ್ಲವನ್ನೂ ಎತ್ತರಿಸಿದ ಫಿಟ್ಟಿಂಗ್ ಆಮೇಲೆ ಉಪಯೋಗಕ್ಕೆ ಬರುವುದಿಲ್ಲ. ಕೊಳ್ಳುವಾಗ ಅಂಗಡಿಯವರೇ ಸೀಟು, ಹ್ಯಾಂಡಲ್ ಹೊಂದಿಸಿಕೊಡುವುದನ್ನು ಸ್ವೀಕರಿಸಿ, ಆರಾಮದ ವೇಗದಲ್ಲಿ ಓಡಿಸಿ, ಎಲ್ಲಿ ಯಾವಾಗ ನೋವು ಬರುತ್ತದೆ ಎಂದು ಬರೆದಿಟ್ಟುಕೊಂಡು ಫಿಟ್ಟರ್ ಬಳಿಗೆ ಹೋಗಿ. ಆ ಚೀಟಿ ಅವರ ಯಾವ ಯಂತ್ರಕ್ಕಿಂತಲೂ ಹೆಚ್ಚು ಉಪಯೋಗದ್ದು.

ಒಳ್ಳೆಯ ಫಿಟ್ಟರ್ ಯಾರೆಂದು ಗುರುತಿಸುವುದು ಕಷ್ಟವಲ್ಲ. ಅವರು ಸೈಕಲ್ ಮುಟ್ಟುವ ಮೊದಲು ನಿಮ್ಮ ಹಳೆಯ ಗಾಯ, ಕೆಲಸ, ಗುರಿಗಳನ್ನು ವಿಚಾರಿಸುತ್ತಾರೆ; ಮೇಜಿನ ಮೇಲೆ ಮಲಗಿಸಿ ಕಾಲೆತ್ತಿಸಿ, ತೊಡೆಯ ಹಿಂಭಾಗ ಎಷ್ಟು ಬಿಗಿಯಿದೆ, ಎರಡು ಕಾಲುಗಳ ಉದ್ದದಲ್ಲಿ ವ್ಯತ್ಯಾಸವಿದೆಯೇ ಎಂದು ನೋಡುತ್ತಾರೆ; ಆಮೇಲೆ ಟ್ರೇನರ್ (ನಿಂತಲ್ಲೇ ತುಳಿಯಲು ಬಳಸುವ ಸ್ಟ್ಯಾಂಡ್) ಮೇಲೆ ಸೈಕಲ್ ನಿಲ್ಲಿಸಿ, ಬೆವರು ಬರುವಷ್ಟು ಹೊತ್ತು ತುಳಿಸಿ, ಅಳೆಯಲು ತೊಡಗುತ್ತಾರೆ. ಅಳೆಯುವುದಕ್ಕೂ ಒಂದು ಕ್ರಮವಿದೆ: ಮೊದಲು ಶೂವಿನ ಕ್ಲೀಟ್ (ಶೂವನ್ನು ಪೆಡಲಿಗೆ ಕಚ್ಚಿಸುವ ತುಂಡು), ಆಮೇಲೆ ಸೀಟಿನ ಎತ್ತರ, ಆಮೇಲೆ ಸೀಟಿನ ಹಿಂದುಮುಂದು, ಕೊನೆಗೆ ಹ್ಯಾಂಡಲ್. ಪೆಡಲ್ ಕೆಳಗಿರುವಾಗ ಮಂಡಿ ನೇರ ರೇಖೆಯಿಂದ 25ರಿಂದ 35 ಡಿಗ್ರಿಯಷ್ಟು ಬಾಗಿರಬೇಕು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. ಮಂಡಿಯಿಂದ ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಇಳಿಬಿಟ್ಟು, ಅದು ಪೆಡಲಿನ ಅಚ್ಚಿನ ಮೇಲೆ ಬೀಳುವಂತೆ ಸೀಟನ್ನು ಹಿಂದುಮುಂದು ಮಾಡುವ ಪದ್ಧತಿಯೂ ಇದೆ. ಶುರುಮಾಡಲು ಅದು ಅನುಕೂಲ, ಅದೇ ಅಂತಿಮ ಎನ್ನುವವರನ್ನು ನಂಬಬೇಡಿ. ಹ್ಯಾಂಡಲ್ ದೂರವಿದೆಯೆಂದು ಸೀಟನ್ನು ಮುಂದಕ್ಕೆ ತಳ್ಳಿಕೊಡುವವರಿಂದಲೂ ದೂರವಿರಿ. ಸೀಟಿನ ಜಾಗವನ್ನು ನಿರ್ಧರಿಸಬೇಕಾದವು ಕಾಲುಗಳು, ಕೈಗಳಲ್ಲ.

ನೋವಿನ ಚೀಟಿಯಲ್ಲಿ ಏನೇನು ಬರಬಹುದೆಂದು ಮೊದಲೇ ತಿಳಿದಿದ್ದರೆ ಒಳ್ಳೆಯದು. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿದೆ ಅಥವಾ ತೀರಾ ಮುಂದಿದೆ ಎಂದು ಮೊದಲು ಅನುಮಾನಿಸಬೇಕು. ಹಿಂಭಾಗ ನೋಯುತ್ತಿದ್ದರೆ ಸೀಟು ಎತ್ತರವಾಗಿದೆ. ತುಳಿಯುವಾಗ ಸೊಂಟ ಎಡಕ್ಕೂ ಬಲಕ್ಕೂ ಓಲಾಡುತ್ತಿದ್ದರೂ ಅದೇ ಕಾರಣ. ಕಿರುಬೆರಳು ಮತ್ತು ಉಂಗುರದ ಬೆರಳು ಜೋಮು ಹಿಡಿದರೆ ಅಂಗೈಯ ಅಂಚಿನ ನರದ ಮೇಲೆ ಭಾರ ಬೀಳುತ್ತಿದೆ ಎಂದರ್ಥ. ಸೀಟಿನ ಮೂತಿ ಕೆಳಕ್ಕೆ ಬಾಗಿ ಮೈಯನ್ನು ಮುಂದಕ್ಕೆ ಜಾರಿಸುತ್ತಿದೆಯೇ ಎಂದು ರಸಮಟ್ಟ ಇಟ್ಟು ನೋಡಿ. ಜನನಾಂಗದ ಸುತ್ತ ಮರಗಟ್ಟುವುದನ್ನು ಮಾತ್ರ ಸಂಕೋಚದಿಂದ ಮುಚ್ಚಿಡಬಾರದು, ಸಹಿಸಿಕೊಳ್ಳಲೂಬಾರದು. ಅದಕ್ಕೆ ಬಹುಮಟ್ಟಿಗೆ ಸೀಟಿನ ಅಗಲ ಅಥವಾ ಓರೆ ಕಾರಣ. ಕೂರುವ ಎರಡು ಮೂಳೆಗಳ ಅಂತರ ಅಳೆದು ಅದಕ್ಕೆ ತಕ್ಕ ಅಗಲದ ಸೀಟು ಆರಿಸಬೇಕೇ ಹೊರತು ಮೆತ್ತನೆಯ ಜೆಲ್ ಹೊದಿಕೆ ಪರಿಹಾರವಲ್ಲ. ಮೆತ್ತೆಯಲ್ಲಿ ಮೂಳೆ ಹುದುಗಿದಷ್ಟೂ ನಡುವಿನ ಮೆದುಭಾಗದ ಮೇಲೆ ಒತ್ತಡ ಹೆಚ್ಚುತ್ತದೆ. ಹೊಸ ಸೀಟು, ಸ್ಟೆಮ್ ಮತ್ತು ಫಿಟ್ಟಿಂಗ್ ಸೇರಿ ಬೆಲೆಯ ಹತ್ತನೆಯ ಒಂದು ಭಾಗವನ್ನಾದರೂ ಸೈಕಲ್‌ಗೆ ಸುರಿಯದೆ ತೆಗೆದಿಡಿ.

ಗೇರು ಮತ್ತು ಟೈರಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಮುಂದೆ 50/34 ಹಲ್ಲಿನ, ಹಿಂದೆ 11–34 ಹಲ್ಲಿನ ಚಕ್ರಗಳಿದ್ದರೆ ನಂದಿಗೆ ಸಾಕು. ಕಡಿಮೆ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿ.ಮೀ. ವೇಗದಲ್ಲಿ ಕೂತುಕೊಂಡೇ ಏರಬಹುದು. ಶಿಮಾನೋ ಕಂಪನಿಯ ಎಂಟು ಗೇರಿನ ಕ್ಲಾರಿಸ್ಸೋ ಒಂಬತ್ತರ ಸೋರಾವೋ ಎಂದು ತಲೆಕೆಡಿಸಿಕೊಳ್ಳುವ ಹೊತ್ತಿನಲ್ಲಿ ಅತಿ ದೊಡ್ಡ ಹಲ್ಲುಚಕ್ರ ಎಷ್ಟರದ್ದು ಎಂದು ಕೇಳಿ. ಟೈರು 28 ಮಿ.ಮೀ. ಇರಲಿ, ನಮ್ಮ ರಸ್ತೆಗಳಿಗೆ 32 ಹಿಡಿಸುವ ಫ್ರೇಮಾದರೆ ಮತ್ತೂ ಒಳ್ಳೆಯದು.

ಸೈಕಲ್ ಜೋಡಿಸುವಾಗ ನೀವು ಎದುರಿಗೇ ಇರಿ. ಫೋರ್ಕಿನ ಕೊಳವೆ ಉದ್ದ ಉಳಿದಿದ್ದರೆ ಫಿಟ್ಟಿಂಗ್ ಮುಗಿಯುವವರೆಗೆ ಕತ್ತರಿಸಲು ಬಿಡಬೇಡಿ. ಸ್ಟೆಮ್ಮಿನ ಮೇಲೊಂದೆರಡು ಸ್ಪೇಸರ್ ಕಂಡರೆ ಕಾಣಲಿ. ಸ್ಟೆಮ್ ಮತ್ತು ಸೀಟಿನ ಬೋಲ್ಟುಗಳನ್ನು ಅವುಗಳ ಮೇಲೆ ಬರೆದಿರುವ ಮಿತಿಗೆ ಟಾರ್ಕ್ ವ್ರೆಂಚಿನಿಂದಲೇ ಬಿಗಿಸಲು ಹೇಳಿ. ಬಲಗೈ ಹಿಡಿ ಮುಂದಿನ ಬ್ರೇಕೋ ಹಿಂದಿನದ್ದೋ ಎಂದು ಅಲ್ಲೇ ಹಿಡಿದು ನೋಡಿ, ನಿಮ್ಮ ಹೈಬ್ರಿಡ್‌ಗೆ ತಿರುಗುಮುರುಗಾಗಿದ್ದರೆ ಅಲ್ಲೇ ಬದಲಿಸಿಕೊಳ್ಳಿ. ಮುಂಗಡ ಕೊಡುವ ಮುನ್ನ 52ರ ಹ್ಯಾಂಡಲ್ ಅಗಲ ಮತ್ತು ಕ್ರ್ಯಾಂಕಿನ ಉದ್ದ ಕೇಳಿ ತಿಳಿದು ಇಲ್ಲಿ ಬರೆಯಿರಿ. ಹ್ಯಾಂಡಲ್ 42 ಎಂದಾದರೆ ಜೋಡಿಸುವ ಮೊದಲೇ 40ರದ್ದಕ್ಕೆ ಬದಲಿಸಿಕೊಡಿ ಎಂದು ಕೇಳಲು ಅದೇ ಸಮಯ, ಆಮೇಲೆ ಕೇಳಿದರೆ ಟೇಪಿನಿಂದ ಹಿಡಿದು ಎಲ್ಲಕ್ಕೂ ಬೇರೆ ದುಡ್ಡು ಕೇಳುತ್ತಾರೆ.