ಡಿಸ್ನಿ ವರ್ಲ್ಡ್‌ಗೆ ಎಷ್ಟು ರಾತ್ರಿ, ಎಷ್ಟು ಬೆಳಗು? (ಸಂಪಾದಕರ ಉತ್ತರ)

ನಿಮ್ಮ ಪತ್ರದ ಸಾರ ಇಷ್ಟು. ಮುಂದಿನ ರಜೆಗೆ ಫ್ಲೋರಿಡಾದ ಒರ್ಲಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದೀರಿ. ನೀವು, ಯಜಮಾನರು, 13 ವರ್ಷದ ಮಗ, 5 ವರ್ಷದ ಮಗಳು, ಮೊಣಕಾಲು ನೋವಿರುವ 68 ವರ್ಷದ ಅತ್ತೆಯವರು. ಟ್ರಾವೆಲ್ ಏಜೆಂಟರು "ನಾಲ್ಕು ಪಾರ್ಕು, ನಾಲ್ಕು ದಿನ ಸಾಕು" ಎಂದರಂತೆ. ಹೋಗಿಬಂದ ನೆಂಟರು "ಹತ್ತು ದಿನವಾದರೂ ಬೇಕು" ಎಂದರಂತೆ. ಯಾರ ಮಾತು ಕೇಳಲಿ ಎನ್ನುತ್ತೀರಿ.

ನಿಮ್ಮ ಮನೆಮಂದಿಗೆ ಸರಿಹೊಂದುವುದು ಎಂಟು ರಾತ್ರಿಯ ವಾಸ, ಐದು ದಿನದ ಟಿಕೆಟ್. ಯಾಕೆಂದು ಬಿಡಿಸಿ ಹೇಳುತ್ತೇವೆ. ಕಾರಣ ತಿಳಿದರೆ ನಿಮ್ಮ ಅನುಕೂಲ ನೋಡಿಕೊಂಡು ನೀವೇ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.

ಏಜೆಂಟರು ಪಾರ್ಕುಗಳನ್ನು ಎಣಿಸಿದ್ದಾರೆ, ನೆಂಟರು ದಿನಗಳನ್ನು ಎಣಿಸಿದ್ದಾರೆ. ಎಣಿಸಬೇಕಾದದ್ದು ಬೆಳಗುಗಳನ್ನು. ಗೇಟು ತೆರೆದ ಮೊದಲ ಒಂದೂವರೆ ಗಂಟೆಯಲ್ಲಿ ದೊಡ್ಡ ರೈಡುಗಳ ಸಾಲು ಸಾಮಾನ್ಯವಾಗಿ ಚಿಕ್ಕದು. ಹತ್ತಿಪ್ಪತ್ತು ನಿಮಿಷ ನಿಂತು, ಐದು ನಿಮಿಷ ಕುಳಿತು, ಇಳಿದು ಮುಂದಿನದಕ್ಕೆ ನಡೆದರೆ ಮೂರೋ ನಾಲ್ಕೋ ಮುಗಿದಿರುತ್ತವೆ. ಅದೇ ರೈಡಿಗೆ ಮಧ್ಯಾಹ್ನ ಒಂದು ಗಂಟೆ ಕಾಯಬೇಕಾದರೆ ನಡಿಗೆಯೂ ಸೇರಿ ಒಂದೊಂದಕ್ಕೆ ಒಂದೂಕಾಲು ಗಂಟೆ. ನಾಲ್ಕು ಗಂಟೆ ಕಳೆದರೂ ಮೂರು ದಾಟುವುದಿಲ್ಲ. ಒಂದು ಒಳ್ಳೆಯ ಬೆಳಗು ಒಂದು ಇಡೀ ಮಧ್ಯಾಹ್ನಕ್ಕೆ ಸಮ, ಅದೂ ಬಿಸಿಲಿಲ್ಲದೆ, ಮಗುವಿನ ಅಳುವಿಲ್ಲದೆ. ಡಿಸ್ನಿಯ ಸ್ವಂತ ಹೋಟೆಲಿನಲ್ಲಿ ತಂಗಿದವರನ್ನು ಇತರರಿಗಿಂತ ಅರ್ಧ ಗಂಟೆ ಮೊದಲೇ ಒಳಗೆ ಬಿಡುತ್ತಾರೆ. ಆ ಅರ್ಧ ಗಂಟೆಯನ್ನು ಹಗುರವಾಗಿ ಕಾಣಬೇಡಿ.

ಬೆಳಗು ಕೈಗೆ ಸಿಗಬೇಕಾದರೆ ಹೊರಡುವ ಹೊತ್ತು ಸರಿಯಿರಬೇಕು. ಪಾರ್ಕು ತೆರೆಯುವ 45 ನಿಮಿಷ ಮೊದಲು ಗೇಟಿನ ಮುಂದಿರಿ. ನಾಲ್ಕು ಪಾರ್ಕುಗಳಲ್ಲಿ ಒಂದಾದ ಮ್ಯಾಜಿಕ್ ಕಿಂಗ್‌ಡಮ್‌ಗೆ ಕಾರಿನಲ್ಲಿ ಹೋದರೆ ಕಾರು ನಿಲ್ಲಿಸುವ ಜಾಗಕ್ಕೂ ಗೇಟಿಗೂ ನಡುವೆ ಒಂದು ಕೆರೆಯೇ ಇದೆ. ಅಲ್ಲಿಂದ ಮೋನೋರೈಲೋ ದೋಣಿಯೋ ಹಿಡಿಯಬೇಕು. ಅದಕ್ಕೆಂದೇ ಇನ್ನೊಂದು ಅರ್ಧ ಗಂಟೆ ಇಟ್ಟುಕೊಳ್ಳಿ. ಡಿಸ್ನಿ ಹೋಟೆಲಿನ ಬಸ್ಸಾದರೆ ಗೇಟಿನ ಹತ್ತಿರವೇ ಇಳಿಸುತ್ತದೆ.

ಬೆಳಗುಗಳನ್ನು ಹಂಚುವುದು ಹೀಗೆ. ಬಂದಿಳಿದ ದಿನವನ್ನು ಲೆಕ್ಕಕ್ಕೇ ಹಿಡಿಯಬೇಡಿ. ಹಗಲು ರಾತ್ರಿ ಅದಲುಬದಲಾಗುವಷ್ಟು ದೂರದಿಂದ ಬರುವವರು ನೀವು, ಎರಡನೆಯ ದಿನವೂ ಪಾರ್ಕು ಬೇಡ. ಹೋಟೆಲಿನ ಈಜುಕೊಳ, ಸಂಜೆ, ಟಿಕೆಟ್ ಬೇಕಿಲ್ಲದ ಅಂಗಡಿ-ಊಟದ ತಾಣ ಡಿಸ್ನಿ ಸ್ಪ್ರಿಂಗ್ಸ್‌ನಲ್ಲಿ ಒಂದು ಸುತ್ತು, ಬೇಗ ನಿದ್ದೆ. ಮೂರನೆಯ ದಿನ ಮ್ಯಾಜಿಕ್ ಕಿಂಗ್‌ಡಮ್. ನಾಲ್ಕನೆಯ ದಿನ ಅನಿಮಲ್ ಕಿಂಗ್‌ಡಮ್. ಸಫಾರಿಯಲ್ಲಿ ಪ್ರಾಣಿಗಳು ಚುರುಕಾಗಿರುವುದು ಬೆಳಿಗ್ಗೆಯೇ, ಪಾರ್ಕೂ ಸಾಮಾನ್ಯವಾಗಿ ಬೇಗ ಮುಚ್ಚುತ್ತದೆ, ಹಾಗಾಗಿ ಆ ದಿನ ತಾನಾಗಿಯೇ ಹಗುರ. ಐದನೆಯ ದಿನ ಪೂರ್ತಿ ಬಿಡುವು. ಆರನೆಯ ದಿನ ಹಾಲಿವುಡ್ ಸ್ಟುಡಿಯೋಸ್, ಏಳಕ್ಕೆ ಎಪ್‌ಕಾಟ್, ಎಂಟಕ್ಕೆ ಮತ್ತೆ ಮ್ಯಾಜಿಕ್ ಕಿಂಗ್‌ಡಮ್. ಒಂಬತ್ತನೆಯ ದಿನ ವಾಪಸು.

ಮ್ಯಾಜಿಕ್ ಕಿಂಗ್‌ಡಮ್‌ಗೆ ಎರಡು ಬೆಳಗು ಕೊಟ್ಟಿರುವುದು ನಿಮ್ಮ ಮಗಳಿಗಾಗಿ. ಎತ್ತರದ ಮಿತಿಯಿಲ್ಲದ ರೈಡುಗಳು ಹೆಚ್ಚಿರುವುದು ಅಲ್ಲೇ. ಪೀಟರ್ ಪ್ಯಾನ್ಸ್ ಫ್ಲೈಟ್‌ನಂಥ ಪುಟ್ಟ ರೈಡಿಗೂ ಹತ್ತು ಗಂಟೆಯಾಗುವಷ್ಟರಲ್ಲಿ ಸಾಲು ಉದ್ದವಾಗುತ್ತದೆ. ಮೊದಲ ಬೆಳಗು ಅವಳದು, ಎರಡನೆಯದು ಮಗನದು ಎಂದಿಟ್ಟುಕೊಂಡರೆ ಇಬ್ಬರಿಗೂ ಬೇಸರವಿಲ್ಲ.

ಅವಳ ಎತ್ತರ 103 ಸೆಂ.ಮೀ. ಎಂದು ಬರೆದಿದ್ದೀರಿ. ದಿನಗಳ ಲೆಕ್ಕಕ್ಕೆ ಇದು ಬಹಳ ಉಪಯೋಗದ ಮಾಹಿತಿ. ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್ ಮತ್ತು ಸ್ಲಿಂಕಿ ಡಾಗ್ ಡ್ಯಾಶ್‌ಗೆ 97 ಸಾಕು, ಅವಳು ಹತ್ತಬಹುದು. ರೈಸ್ ಆಫ್ ದಿ ರೆಸಿಸ್ಟೆನ್ಸ್‌ಗೂ ಸೋರಿನ್‌ಗೂ 102 ಬೇಕು, ಇಲ್ಲಿ ಒಂದೇ ಒಂದು ಸೆಂಟಿಮೀಟರಿನ ಅಂತರ. ಸ್ಪೇಸ್ ಮೌಂಟನ್, ಎಕ್ಸ್‌ಪೆಡಿಶನ್ ಎವರೆಸ್ಟ್, ಫ್ಲೈಟ್ ಆಫ್ ಪ್ಯಾಸೇಜ್‌ಗಳಿಗೆ 112, ಟ್ರಾನ್‌ಗೆ 122. ಇವು ಈ ಸಲ ಅವಳಿಗಿಲ್ಲ. ರೈಡಿನ ಬಾಗಿಲಲ್ಲಿ ಸಿಬ್ಬಂದಿ ಅಳತೆಗೋಲಿನ ಪಕ್ಕ ನಿಲ್ಲಿಸಿ ನೋಡುತ್ತಾರೆ, ತುರುಬು ಲೆಕ್ಕಕ್ಕೆ ಬರುವುದಿಲ್ಲ. ಮನೆಯಲ್ಲಿ ಅಳೆಯುವಾಗ ಅಲ್ಲಿ ಹಾಕುವ ಬೂಟನ್ನೇ ಹಾಕಿಸಿ, ಬೆನ್ನು ಗೋಡೆಗೆ ತಾಗಿಸಿ, ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವನ್ನು ಅಡ್ಡಲಾಗಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಅವಳ ಕೈಗೆಟುಕದ ರೈಡುಗಳಿಗೆ ಅದಲುಬದಲು ವ್ಯವಸ್ಥೆ ಇದೆ. ಒಬ್ಬರು ಮಗುವಿನ ಜೊತೆ ಹೊರಗಿರುತ್ತಾರೆ, ಮೊದಲನೆಯವರು ಇಳಿದ ಮೇಲೆ ಇವರು ಮತ್ತೆ ಉದ್ದದ ಸಾಲು ನಿಲ್ಲದೆ ಹೋಗಬಹುದು. ಸಾಲಿಗೆ ಸೇರುವ ಮೊದಲೇ ಬಾಗಿಲಲ್ಲಿ ಕೇಳಿಕೊಳ್ಳಬೇಕು. ಹೀಗೆ ಮಾಡಿದಾಗಲೆಲ್ಲ 20–30 ನಿಮಿಷ ಹೆಚ್ಚಿಗೆ ಹೋಗುತ್ತದೆ. ನಾಲ್ಕು ದಿನದ ಯೋಜನೆಯಲ್ಲಿ ಇದಕ್ಕೆ ಜಾಗವೇ ಇಲ್ಲ.

ನಡುವಿನ ಬಿಡುವಿನ ದಿನವನ್ನು ಮಾತ್ರ ದಯವಿಟ್ಟು ಯಾರ ಮಾತಿಗೂ ಬಿಟ್ಟುಕೊಡಬೇಡಿ. ಪಾರ್ಕಿನಲ್ಲಿ ಒಂದು ದಿನಕ್ಕೆ 15–20 ಸಾವಿರ ಹೆಜ್ಜೆ ಸಾಮಾನ್ಯ. ಎಪ್‌ಕಾಟ್‌ನಲ್ಲಿ 11 ದೇಶಗಳ ಮಂಟಪಗಳಿರುವ ಕೆರೆಯ ಸುತ್ತಿನ ದಾರಿಯೊಂದೇ ಸುಮಾರು 2 ಕಿ.ಮೀ. ಎರಡು ದಿನ ಉತ್ಸಾಹದಲ್ಲಿ ಕಳೆಯುತ್ತದೆ. ಸುಸ್ತು ಮೈಗೆ ಬರುವುದು ಮೂರನೆಯ ದಿನ, ಮೊದಲು ಮಗುವಿಗೆ, ಆಮೇಲೆ ಹಿರಿಯರಿಗೆ. ಅತ್ತೆಯವರಿಗೆ ಗಾಲಿಕುರ್ಚಿ ಬಾಡಿಗೆಗೆ ಸಿಗುತ್ತದೆ. ನೋವು ಶುರುವಾಗುವ ತನಕ ಕಾಯದೆ ಮೊದಲ ದಿನವೇ ತೆಗೆದುಕೊಳ್ಳಿ. ಬಿಡುವಿನ ದಿನ ವಾಟರ್ ಪಾರ್ಕಿಗೆ ಹೋಗುವವರಿದ್ದಾರೆ. ಅಲ್ಲಿ ಹೆಚ್ಚಿನ ಜಾರುಬಂಡಿಗಳಿಗೆ ಮೆಟ್ಟಿಲು ಹತ್ತಬೇಕು, ಅದು ಬಿಡುವಲ್ಲ.

ಈ ದಿನಕ್ಕೆ ಇನ್ನೊಂದು ಕೆಲಸವೂ ಇದೆ. ಫ್ಲೋರಿಡಾದ ಬೇಸಿಗೆಯಲ್ಲಿ ಮಧ್ಯಾಹ್ನದ ಗುಡುಗುಮಳೆ ಹೆಚ್ಚುಕಡಿಮೆ ದಿನಚರಿಯಂತೆ. ಸಿಡಿಲು ಹತ್ತಿರ ಬಂದರೆ ಹೊರಗಿನ ರೈಡುಗಳನ್ನೆಲ್ಲ ನಿಲ್ಲಿಸುತ್ತಾರೆ. ಐದು ದಿನದ ಟಿಕೆಟನ್ನು ಆರಂಭದ ದಿನಾಂಕದಿಂದ ಎಂಟು ದಿನದೊಳಗೆ ಬಳಸಬಹುದು, ಹಾಗಾಗಿ ಮಳೆ ಬಂದರೆ ಬಿಡುವನ್ನು ಹಿಂದೆಮುಂದೆ ಮಾಡಿಕೊಳ್ಳಬಹುದು. ಆರಂಭದ ದಿನಾಂಕವನ್ನು ನೀವು ಇಳಿಯುವ ದಿನಕ್ಕೆ ಕೊಡಬೇಡಿ, ಮೂರನೆಯ ದಿನಕ್ಕೆ ಕೊಡಿ.

ಇನ್ನು ನೆಂಟರ ಹತ್ತು ದಿನ. ದಿನ ಹೆಚ್ಚಿದಷ್ಟೂ ಟಿಕೆಟಿನ ದಿನದ ದರ ಇಳಿಯುತ್ತದೆ ನಿಜ, ಜನ ಮರುಳಾಗುವುದೂ ಅದಕ್ಕೇ. ಆದರೆ ಒಂದು ದಿನ ಹೆಚ್ಚಿದರೆ ಕೋಣೆಯ ಬಾಡಿಗೆಯೂ ಐದು ಜನರ ಮೂರು ಹೊತ್ತಿನ ಊಟವೂ ಪೂರ್ತಿ ಹೆಚ್ಚುತ್ತವೆ. ಮಗನಿಗೆ 10 ದಾಟಿರುವುದರಿಂದ ಅವನ ಟಿಕೆಟೂ ದೊಡ್ಡವರ ದರದ್ದೇ. ಐದು ಬೆಳಗು ಚೆನ್ನಾಗಿ ಬಳಸಿದ ಮೇಲೆ ನಿಮ್ಮ ಮನೆಮಂದಿಗೆ ಉಳಿಯುವುದು ಹೆಚ್ಚಾಗಿ ನೋಡಿದ್ದನ್ನೇ ನೋಡುವುದು. ಒಂದು ರಾತ್ರಿ ಸೇರಿಸುವುದಿದ್ದರೆ ಮಗನಿಗಾಗಿ ಸೇರಿಸಿ, ಅವನನ್ನು ಒರ್ಲಾಂಡೊದಲ್ಲೇ ಇರುವ ಬೇರೆ ಕಂಪನಿಯ ಯೂನಿವರ್ಸಲ್‌ಗೆ ಕರೆದೊಯ್ಯಿರಿ. ಅದರ ಟಿಕೆಟೇ ಬೇರೆ. ಅಲ್ಲಿ 2025ರಲ್ಲಿ ತೆರೆದ ಎಪಿಕ್ ಯೂನಿವರ್ಸ್ ಸೇರಿ ಮೂರು ಪಾರ್ಕುಗಳಿವೆ, ಒಂದು ದಿನದಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು.

ಒಂದೇ ದಿನ ಪಾರ್ಕಿನಿಂದ ಪಾರ್ಕಿಗೆ ಹಾರುವ ದುಬಾರಿ ಟಿಕೆಟ್ ನಿಮಗೆ ಬೇಡ. ಬಸ್ಸಿಗೆ ಕಾದು, ಮತ್ತೆ ಬ್ಯಾಗ್ ತಪಾಸಣೆ ಮುಗಿಸುವಷ್ಟರಲ್ಲಿ ಒಂದು ಗಂಟೆ ಹೋಗಿರುತ್ತದೆ. ಹಣ ಕೊಟ್ಟು ಸಾಲು ತಪ್ಪಿಸುವ ಲೈಟ್ನಿಂಗ್ ಲೇನ್ ಗಂಟೆಗಳನ್ನು ಉಳಿಸುತ್ತದೆ, ಕಾಲುಗಳನ್ನು ಉಳಿಸುವುದಿಲ್ಲ, ಆದ್ದರಿಂದ ಅದನ್ನು ನಂಬಿ ದಿನ ಕಡಿಮೆ ಮಾಡಬೇಡಿ. ಹಾಲಿವುಡ್ ಸ್ಟುಡಿಯೋಸ್‌ನ ದಿನಕ್ಕೆ ಮಾತ್ರ ಕೊಳ್ಳಿ. ಡಿಸ್ನಿ ಹೋಟೆಲಿನಲ್ಲಿ ತಂಗುವವರು ವಾಸ ಆರಂಭವಾಗುವ 7 ದಿನ ಮೊದಲೇ, ಇತರರು ಪಾರ್ಕಿನ ದಿನಕ್ಕೆ 3 ದಿನ ಮೊದಲು ಕಾದಿರಿಸಬಹುದು.

ರಜೆ ಯಾವ ತಿಂಗಳೆಂದು ನೀವು ಬರೆದಿಲ್ಲ. ಕ್ರಿಸ್ಮಸ್‌ನಿಂದ ಹೊಸವರ್ಷದ ವಾರವಾದರೆ ಇನ್ನೊಂದು ಪಾರ್ಕ್ ದಿನ ಸೇರಿಸಿ. ಆಗಸ್ಟ್‌ನಿಂದ ಡಿಸೆಂಬರ್ ನಡುವೆಯಾದರೆ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಪ್ರತ್ಯೇಕ ಟಿಕೆಟಿನ ಹಬ್ಬದ ರಾತ್ರಿಗಳಿರುತ್ತವೆ. ಆ ದಿನಗಳಲ್ಲಿ ಮಾಮೂಲಿ ಟಿಕೆಟಿನವರನ್ನು ಸಂಜೆ 6ಕ್ಕೇ ಹೊರಡಿಸುತ್ತಾರೆ. ಹಗಲಿನ ಗದ್ದಲ ಕಡಿಮೆಯಿರುತ್ತದೆ, ಬಾಣಬಿರುಸು ಮಾತ್ರ ಸಿಗುವುದಿಲ್ಲ. ನಿಮ್ಮ ಎರಡು ಮ್ಯಾಜಿಕ್ ಕಿಂಗ್‌ಡಮ್ ದಿನಗಳಲ್ಲಿ ಒಂದನ್ನು ಇಂಥ ದಿನಕ್ಕೂ ಇನ್ನೊಂದನ್ನು ಮಾಮೂಲಿ ದಿನಕ್ಕೂ ಇಟ್ಟರೆ ಎರಡೂ ಸಿಕ್ಕಂತೆ.

ಹೊರಡುವ ವಾರ ಮಗಳ ಎತ್ತರವನ್ನು ಮತ್ತೊಮ್ಮೆ ಅಳೆಯಿರಿ. 107 ಮುಟ್ಟಿದ್ದರೆ ಎಪ್‌ಕಾಟ್‌ನ ಕಾಸ್ಮಿಕ್ ರಿವೈಂಡ್‌ ರೈಡು ಕೂಡ ಅವಳಿಗೆ ತೆರೆಯುತ್ತದೆ. ಆಗ ಏಳನೆಯ ದಿನದ ಬೆಳಿಗ್ಗೆ ನೇರ ಅಲ್ಲಿಗೇ ಹೋಗಿ.

—ಸಂ.